ಕೊಳಗದ ನ್ಯಾಯ



ಇಂದಿನ ಚಿಂತನೆಗೆ ನಾವು ಎತ್ತಿಕೊಂಡಿರುವುದು ಒಂದು ಅಳತೆಯ ಪಾತ್ರೆಯ ವಿಷಯ. ಕೊಳಗ ಎಂದರೆ ಹಿರಿಯರಾದ ತಮಗೆ ಬಿಡಿಸಿ ಹೇಳಬೇಕಾಗಿಲ್ಲ. ಶಾಲೆಗೆ ಹೋಗುವ ಮಕ್ಕಳಿಗೆ ಮಾತ್ರ ಹೇಳಬೇಕು. ಅವರು ಕಿಲೋಗ್ರಾಂ, ಲೀಟರು ಕಲಿತವರು. ಭತ್ತವನ್ನಾಗಲಿ ರಾಗಿಯನ್ನಾಗಲಿ ತೂಗದೆ ಅಳೆಯುತ್ತಿದ್ದ ಕಾಲವೊಂದಿತ್ತು. ಸೇರು, ಕೊಳಗ, ಖಂಡುಗ ಎಂದು ಲೆಕ್ಕ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಕಣದಲ್ಲಿ ರಾಶಿಯ ಮುಂದೆ ಕುಳಿತು ಅಳೆಯುವವನು ಮೊದಲನೆಯ ಕೊಳಗಕ್ಕೆ ‘ಒಂದು’ ಎನ್ನುತ್ತಿರಲಿಲ್ಲ, ‘ಲಾಭ’ ಎನ್ನುತ್ತಿದ್ದನು. ಅನಂತರ ಎರಡು, ಮೂರು ಎಂದು ಎಣಿಕೆ ಮುಂದುವರಿಯುತ್ತಿತ್ತು. ಮಂಗಳಕರವಾದ ಮಾತಿನಿಂದ ಆರಂಭವಾಗಲಿ ಎಂಬುದು ರೈತನ ಭಾವನೆ. ಆದರೆ ಆ ಲಾಭ ಯಾರದು? ಉತ್ತವನದೋ, ಅಂಗಳದಲ್ಲಿ ಕುಳಿತು ಅಳೆಸಿಕೊಂಡವನದೋ? ಮಲೆನಾಡಿನ ಒಂದು ಹಳ್ಳಿಯ ಬಡವರು ಈ ಪ್ರಶ್ನೆಯನ್ನು 1951ರಲ್ಲಿ ಗಟ್ಟಿಯಾಗಿ ಕೇಳಿದರು. ಆ ಹಳ್ಳಿ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡು.

ಪ್ರವಚನದ ವೇದಿಕೆಯಿಂದ ಗೇಣಿ, ಕೊಳಗ, ಕಾಯಿದೆಗಳ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ನೀವು ಎಷ್ಟು ಸಲ ಕೇಳಿಲ್ಲ! ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಒಲೆ ಹೊತ್ತಿಸಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದರು. ಈ ಕಥೆಯನ್ನು ಕೇಳಿ ನಾವೆಲ್ಲ ತಲೆದೂಗುತ್ತೇವೆ. ಅಳತೆಗೆ ಮೀರಿದ ಒಂದು ಹಿಡಿ ಅಕ್ಕಿ ಮನೆಗೆ ಬಂದರೆ ಅದು ದೋಷ ಎಂದು ಆ ತಾಯಿ ತಿಳಿದಿದ್ದರು. ಆ ತಾಯಿಯನ್ನು ಪೂಜಿಸುವ ಮನೆಗಳ ಅಂಗಳದಲ್ಲಿ ಎಂಥ ಕೊಳಗಗಳಿದ್ದವು ಎಂಬುದನ್ನು ಕೇಳದಿದ್ದರೆ ನಮ್ಮ ಪ್ರವಚನ ಅರ್ಧವಾಗುತ್ತದೆ.

ಮೊದಲು ಆ ನೆಲದ ಪರಿಚಯ ಮಾಡಿಕೊಳ್ಳೋಣ. ಸಾಗರವೆಂದರೆ ಕೆಳದಿ ಅರಸರ ನೆಲ. ಕೆಳದಿಯೂ ಇಕ್ಕೇರಿಯೂ ಇರುವುದು ಆ ತಾಲ್ಲೂಕಿನಲ್ಲಿಯೇ. ಸದಾಶಿವ ನಾಯಕರ ಹೆಸರಿನ ಕೆರೆಯಿಂದ ಊರಿಗೆ ಸದಾಶಿವಸಾಗರ ಎಂದು ಹೆಸರಾಗಿ, ಮುಂದೆ ಅದು ಬರಿಯ ಸಾಗರವಾಯಿತು. ವೀರಶೈವ ಅರಸರು ಆಳಿದ ಆ ಸಂಸ್ಥಾನದಲ್ಲಿ 1645ರಿಂದ 1660ರವರೆಗೆ ಪಟ್ಟದಲ್ಲಿದ್ದವರು ಶಿವಪ್ಪ ನಾಯಕರು. ಅವರ ಯುದ್ಧಗಳನ್ನೂ ಕೋಟೆಗಳನ್ನೂ ಹೊಗಳುವವರು ಬಹಳ ಜನರಿದ್ದಾರೆ. ನಮಗೆ ಅವೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಅವರ ‘ಶಿಸ್ತು’.

ಶಿಸ್ತು ಎಂದರೆ ಈಗ ಮಕ್ಕಳನ್ನು ಸಾಲಾಗಿ ನಿಲ್ಲಿಸುವುದು ಎಂಬ ಅರ್ಥವಾಗಿದೆ. ಆಗ ಅದು ಕಂದಾಯದ ಕಟ್ಟಳೆ. ಭೂಮಿಯನ್ನು ಉತ್ತಮ, ಮಧ್ಯಮ, ಕನಿಷ್ಠ, ಅಧಮ, ಅಧಮಾಧಮ ಎಂದು ಐದು ತರಗತಿ ಮಾಡಿದರು. ಎಷ್ಟು ಬೀಜ ಹಿಡಿಯುತ್ತದೆ ಎಂಬುದರ ಮೇಲೆ ಗದ್ದೆಯ ವಿಸ್ತೀರ್ಣ. ಬೇರೆ ಬೇರೆ ತರದ ಗದ್ದೆಗಳನ್ನು ಅರಸರು ತಾವೇ ಹನ್ನೆರಡು ವರ್ಷ ಸಾಗುವಳಿ ಮಾಡಿಸಿ, ಬಿತ್ತಿದ ಬೀಜ, ತಗುಲಿದ ಖರ್ಚು, ಬಂದ ಹುಟ್ಟುವಳಿ, ಅದರ ಬೆಲೆ ಎಲ್ಲವನ್ನೂ ಬರೆಸಿಟ್ಟು, ಸರಾಸರಿ ತೆಗೆದು, ಅದರಲ್ಲಿ ಮೂರನೆಯ ಒಂದು ಪಾಲನ್ನು ಅರಮನೆಗೆ ಗೊತ್ತುಮಾಡಿದರು ಎಂದು ಹೇಳಿಕೆಯಿದೆ. ಒಂದು ವರ್ಷ ಮಳೆ ಚೆನ್ನಾಗಿತ್ತು ಎಂದು ಆ ವರ್ಷದ ಲೆಕ್ಕವನ್ನೇ ರೈತನ ತಲೆಯ ಮೇಲೆ ಹೊರಿಸಲಿಲ್ಲ. ಹನ್ನೆರಡು ವರ್ಷ! ಈಗಿನ ಸರಕಾರಗಳು ಹನ್ನೆರಡು ತಿಂಗಳೂ ಕಾಯುವುದಿಲ್ಲ. ಮೂರನೆಯ ಒಂದು ಪಾಲು ಅಷ್ಟೇನೂ ಹಗುರವಲ್ಲ ಎಂದು ನೀವು ಹೇಳಿದರೆ ನಾವು ಒಪ್ಪುತ್ತೇವೆ. ಆದರೆ ಕೊಡುವವನಿಗೆ ತಾನು ಎಷ್ಟು ಕೊಡಬೇಕು, ಏಕೆ ಕೊಡಬೇಕು ಎಂಬುದು ಗೊತ್ತಿತ್ತು. ಕೊಳಗ ಅಧಿಕಾರಿಯ ಕೈಯಲ್ಲಿ ಹಿಗ್ಗುವಂತಿರಲಿಲ್ಲ.

ಆ ಶಿಸ್ತು ಹಾಗೆಯೇ ಉಳಿಯಲಿಲ್ಲ. ಅದರ ಮೇಲೆ ಪಟ್ಟಿಗಳು ಬಿದ್ದವು, ಪಟ್ಟಿಯ ಮೇಲೆ ಪಟ್ಟಿ ಸೇರಿತು. 1763ರಲ್ಲಿ ಬಿದನೂರು ಹೈದರಾಲಿಯ ವಶವಾಗಿ ನಗರವೆಂದು ಹೆಸರು ಪಡೆಯಿತು. 1799ರ ಅನಂತರ ಅದು ಮೈಸೂರು ಸಂಸ್ಥಾನದ ಒಂದು ಫೌಜುದಾರಿ. ಮುಂದೆ ಶರತ್ತಿನ ಪದ್ಧತಿ ಬಂದಿತು. ಇಷ್ಟು ಹಣವನ್ನು ತಂದುಕೊಡುತ್ತೇನೆಂದು ಅಮಲ್ದಾರ ಬರೆದುಕೊಡುವುದು. ಕಡಿಮೆಯಾದರೆ ತಾನು ತುಂಬಿಕೊಡುವುದು. ಹಾಗೆ ಬರೆದುಕೊಟ್ಟವನು ರೈತನ ಮನೆಗೆ ಯಾವ ಮುಖ ಹೊತ್ತು ಬರುತ್ತಾನೆಂಬುದನ್ನು ಬಿಡಿಸಿ ಹೇಳಬೇಕೆ?

1830ರ ಆಗಸ್ಟಿನಲ್ಲಿ ಆನಂದಪುರದ ಹತ್ತಿರದ ಹೊಸಂತೆಯಲ್ಲಿ ರೈತರು ಕೂಟ ಸೇರಿದರು. ಆನಂದಪುರವೂ ಇಂದಿನ ಸಾಗರ ತಾಲ್ಲೂಕಿನದೇ. ಬಾಕಿ ಬಿಡಬೇಕು, ಹೆಚ್ಚಿನ ವಸೂಲಿ ನಿಲ್ಲಬೇಕು, ನಮ್ಮ ಮಾತನ್ನು ಮಹಾರಾಜರು ಕೇಳಬೇಕು ಎಂಬುದು ಅವರ ಅಹವಾಲು. ಒಂದು ಊರಿನ ಕೂಟದಿಂದ ಇನ್ನೊಂದು ಊರಿಗೆ ಓಲೆಗಳು ಹೋದವು. ಅಹವಾಲು ಕಿವಿಗೆ ಬೀಳದಿದ್ದಾಗ ದಂಗೆಯಾಯಿತು, ದಂಡು ಬಂದಿತು, ಪ್ರಾಣಗಳು ಹೋದವು. ನಡುವೆ ಬೂದಿ ಬಸವಪ್ಪನೆಂಬವನು ತಾನೇ ನಗರದ ಸಿಂಹಾಸನಕ್ಕೆ ಹಕ್ಕುದಾರನೆಂದು ಎದ್ದು ನಿಂತನು. ಬಡವರು ಕಂದಾಯದ ಮಾತಾಡುತ್ತಿರುವಾಗ ಯಾರೋ ಒಬ್ಬರು ಸಿಂಹಾಸನದ ಮಾತು ತೆಗೆಯುತ್ತಾರೆ. ಅಲ್ಲಿಂದ ಮುಂದೆ ಎಲ್ಲರ ಕಣ್ಣೂ ಸಿಂಹಾಸನದ ಮೇಲೆ. ಈ ದಂಗೆಯನ್ನು ಮುಖ್ಯ ನೆಪ ಮಾಡಿಕೊಂಡು 1831ರ ಅಕ್ಟೋಬರಿನಲ್ಲಿ ಇಂಗ್ಲಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ರಾಜ್ಯದ ಆಡಳಿತವನ್ನು ತೆಗೆದುಕೊಂಡರು. ಅವರೇ ನೇಮಿಸಿದ ವಿಚಾರಣಾ ಸಮಿತಿ 1833ರಲ್ಲಿ ವರದಿ ಕೊಟ್ಟಿತು. ಅರಸರು ಬದಲಾದರು, ಕಚೇರಿಯ ಭಾಷೆ ಬದಲಾಯಿತು. ಗದ್ದೆಯಲ್ಲಿ ಉಳುವವನ ಸ್ಥಿತಿ ಬದಲಾಗಲಿಲ್ಲ. ಸರಕಾರಕ್ಕೂ ಅವನಿಗೂ ನಡುವೆ ಜಮೀನಿನ ಒಡೆಯ ಇನ್ನಷ್ಟು ಗಟ್ಟಿಯಾಗಿ ಕುಳಿತನು.

ಇನ್ನು ಕಾಗೋಡಿಗೆ ಬರೋಣ.

ಕಾಗೋಡಿನ ಗದ್ದೆಗಳನ್ನು ಉಳುತ್ತಿದ್ದವರು ಹೆಚ್ಚಾಗಿ ದೀವರು. ಮಲೆನಾಡಿನ ಮಳೆಯಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಬದುಕಿದ ಜನ. ಜಮೀನು ಒಡೆಯರದು, ದುಡಿಮೆ ಒಕ್ಕಲಿನದು. ಇಷ್ಟು ಗದ್ದೆಗೆ ಇಷ್ಟು ಖಂಡುಗ ಗೇಣಿ ಎಂದು ಬಾಯಿಮಾತಿನ ಒಪ್ಪಂದ. ಕಾಗದ ಪತ್ರವೇನೂ ಇಲ್ಲ. ಇಲ್ಲಿಯೇ ಒಂದು ಮಾತನ್ನು ಮುಚ್ಚಿಡದೆ ಹೇಳಿಬಿಡುತ್ತೇವೆ. ಕಾಗೋಡಿನ ಆ ಒಡೆಯರ ಮನೆತನ ಲಿಂಗಾಯತ ಮನೆತನ. ಒಳ್ಳೆಯ ಹೆಸರಿದ್ದ ಮನೆ. ಕೆ. ಜಿ. ಒಡೆಯರು ಕಾಂಗ್ರೆಸ್ಸಿನಲ್ಲಿ ಗಣ್ಯರು. ಕೆಟ್ಟವರ ಕಥೆಯಾದರೆ ಹೇಳುವುದು ಸುಲಭ. ಕೇಳುವವರೂ ‘ನಾವು ಅಂಥವರಲ್ಲ’ ಎಂದುಕೊಂಡು ಎದ್ದು ಹೋಗುತ್ತಾರೆ. ಇದು ಕೆಟ್ಟವರ ಕಥೆಯಲ್ಲ. ಹತ್ತಾರು ಹಳ್ಳಿಗಳಲ್ಲಿ, ನಾನಾ ಜಾತಿಯ ಒಡೆಯರ ಮನೆಗಳಲ್ಲಿ ನಡೆದುಬಂದ ವಾಡಿಕೆಯ ಕಥೆ.

ವಾಡಿಕೆ ಏನು? ಸುಗ್ಗಿ ಮುಗಿದ ಮೇಲೆ ಒಕ್ಕಲು ಗೇಣಿ ಭತ್ತವನ್ನು ಒಡೆಯರ ಅಂಗಳಕ್ಕೆ ತಂದು ಸುರಿಯಬೇಕು. ಅಲ್ಲಿ ಅಳೆಯುವುದು ಒಡೆಯರ ಕೊಳಗದಲ್ಲಿ. ಆ ಕೊಳಗ ಸರಕಾರದ ಕೊಳಗಕ್ಕಿಂತ ದೊಡ್ಡದು. ಒಡೆಯರಿಂದ ಬೀಜಕ್ಕೋ ಊಟಕ್ಕೋ ಭತ್ತ ಕಡ ತರುವಾಗ ಇರುವ ಕೊಳಗವೇ ಬೇರೆ, ಹಿಂದಕ್ಕೆ ಅಳೆಯುವಾಗ ಇರುವ ಕೊಳಗವೇ ಬೇರೆ ಎಂಬ ದೂರು ಮಲೆನಾಡಿನಲ್ಲಿ ಹಳೆಯದು. ಸ್ವಲ್ಪ ಲೆಕ್ಕ ಹಾಕಿ ನೋಡಿ. ಕೊಳಗವೊಂದಕ್ಕೆ ಬರಿಯ ಅರ್ಧ ಸೇರು ಹೆಚ್ಚಾಗಿದೆ ಎಂದಿಟ್ಟುಕೊಳ್ಳಿ. ಖಂಡುಗಕ್ಕೆ 10 ಸೇರಾಯಿತು. ಹತ್ತು ಖಂಡುಗ ಗೇಣಿಯ ಒಕ್ಕಲು ಪ್ರತಿ ವರ್ಷ 100 ಸೇರು ಭತ್ತವನ್ನು ಲೆಕ್ಕವಿಲ್ಲದೆ ಕೊಟ್ಟುಬಂದ ಹಾಗಾಯಿತು. ಅಷ್ಟು ಭತ್ತ ಅವನ ಮನೆಯಲ್ಲಿ ಉಳಿದಿದ್ದರೆ ಆಷಾಢದ ಮಳೆಯಲ್ಲಿ, ಕೂಲಿಯಿಲ್ಲದ ದಿನಗಳಲ್ಲಿ, ಅವನ ಮಕ್ಕಳು ಎಷ್ಟು ಹೊತ್ತು ಉಣ್ಣುತ್ತಿದ್ದರು! ಬಡತನವನ್ನು ಹಣೆಬರಹ ಎನ್ನುತ್ತೇವೆ. ಈ ಬರಹವನ್ನು ಬರೆದದ್ದು ಬ್ರಹ್ಮನಲ್ಲ, ಬುಟ್ಟಿ ಹೆಣೆಯುವವನಿಗೆ ‘ಇಷ್ಟು ದೊಡ್ಡದಾಗಿ ಮಾಡು’ ಎಂದು ಹೇಳಿದವನು.

ಕೊಳಗದ ಜೊತೆಗೆ ಬಿಟ್ಟಿ ಚಾಕರಿ. ಒಡೆಯರ ಮನೆಯ ಕೆಲಸಕ್ಕೆ ಕರೆದಾಗ ಹೋಗಬೇಕು. ಒಡೆಯರ ಮುಂದೆ ಒಕ್ಕಲಿನ ಗಂಡಸು ಮೊಣಕಾಲಿನಿಂದ ಕೆಳಕ್ಕೆ ಪಂಚೆ ಇಳಿಬಿಡುವಂತಿರಲಿಲ್ಲ, ಸಮನಾಗಿ ಕುಳಿತುಕೊಳ್ಳುವಂತಿರಲಿಲ್ಲ ಎಂದು ಆ ಚಳವಳಿಯ ಕಥೆ ಹೇಳುವವರೆಲ್ಲ ಹೇಳುತ್ತಾರೆ. ಹೊಟ್ಟೆಯ ಅಳತೆಯನ್ನು ಗೊತ್ತುಮಾಡಿದವರು ಪಂಚೆಯ ಅಳತೆಯನ್ನೂ ಗೊತ್ತುಮಾಡಿದರು! ಬಡವನಿಗೆ ಅನ್ನ ಕೊಟ್ಟರೆ ಸಾಕು, ಮಾನದ ಮಾತೇಕೆ ಎನ್ನುವವರು ಈಗಲೂ ಇದ್ದಾರೆ. ಕಾಗೋಡಿನವರು ಎರಡನ್ನೂ ಒಟ್ಟಿಗೆ ಕೇಳಿದರು.

ಅವರ ಬಾಯಿಗೆ ಮಾತು ಬಂದದ್ದು ಹೇಗೆ? ಹೆಚ್. ಗಣಪತಿಯಪ್ಪ ಎಂಬ ತರುಣರು ಆ ಭಾಗದಲ್ಲಿ ಉಪಾಧ್ಯಾಯರಾಗಿದ್ದವರು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಹಳ್ಳಿ ಹಳ್ಳಿ ತಿರುಗಿ ಸಾಗರ ತಾಲ್ಲೂಕಿನ ಗೇಣಿದಾರರ ರೈತ ಸಂಘ ಕಟ್ಟಿದರು. ಆ ಸಂಘ ಮೊದಲ ದಿನವೇ ಜಮೀನು ಬಿಟ್ಟುಕೊಡಿ ಎಂದು ಕೇಳಲಿಲ್ಲ. ಅದರ ಕೋರಿಕೆಗಳನ್ನು ಇಂದು ಕೇಳಿದರೆ ಇಷ್ಟಕ್ಕೇ ಅಷ್ಟು ದೊಡ್ಡ ರಾದ್ಧಾಂತವಾಯಿತೇ ಎಂದು ಆಶ್ಚರ್ಯವಾಗುತ್ತದೆ. ಸರಕಾರದ ಮುದ್ರೆಯ ಕೊಳಗದಲ್ಲಿ ಗೇಣಿ ಅಳೆದುಕೊಳ್ಳಿ, ಅಳೆದದ್ದಕ್ಕೆ ರಶೀದಿ ಕೊಡಿ, ಬಿಟ್ಟಿ ಬೇಡ. ಭಿಕ್ಷೆಯ ಮಾತು ಇದರಲ್ಲಿ ಎಲ್ಲಿದೆ? ಒಂದು ಸೇರು ಕಡಿಮೆ ತೆಗೆದುಕೊಳ್ಳಿ ಎಂದೂ ಅವರು ಅಂಗಲಾಚಲಿಲ್ಲ. ಒಪ್ಪಿದ ಗೇಣಿಯನ್ನು ಒಪ್ಪಿದ ಅಳತೆಯಲ್ಲಿ ಕೊಡುತ್ತೇವೆ ಎಂದರು.

ರಶೀದಿಯ ಮಾತು ಸಣ್ಣದೆಂದು ತಿಳಿಯಬೇಡಿ. ರಶೀದಿ ಕೊಟ್ಟರೆ ಈತ ಈ ಗದ್ದೆಯನ್ನು ಉಳುತ್ತಾನೆ ಎಂದು ಒಡೆಯರ ಕೈಬರಹದಲ್ಲಿ ಸಾಕ್ಷಿಯಾದ ಹಾಗೆ. ಹಿರಿಯರ ಕಾಲದಿಂದ ಉತ್ತ ಗದ್ದೆಗೆ ಆ ಒಕ್ಕಲುಗಳಲ್ಲಿ ಚೀಟಿಯೊಂದು ಇರಲಿಲ್ಲ. ಒಡೆಯರ ಮನೆಯವರಿಗೂ ಇದು ಚೆನ್ನಾಗಿ ತಿಳಿದಿತ್ತು. ಆದ್ದರಿಂದಲೇ ಕೊಳಗಕ್ಕಿಂತ ರಶೀದಿ ಕಠಿಣವಾಯಿತು ಎಂದು ನಮಗೆ ತೋರುತ್ತದೆ.

ಅರ್ಜಿಗಳು ಹೋದವು, ಮಾತುಕತೆಗಳಾದವು, ಮುರಿದವು. ಸಂಘ ಸೇರಿದ ಒಕ್ಕಲುಗಳನ್ನು ಗದ್ದೆಯಿಂದ ಬಿಡಿಸುವ ಕೆಲಸ ನಡೆಯಿತು. ಅದು ಧಾನ್ಯದ ಅಭಾವದ ಕಾಲ. ಪೇಟೆಯಲ್ಲಿ ರೇಷನ್ನು, ಹಳ್ಳಿಯಲ್ಲಿ ಲೆವಿ. ಉಳುವ ಗದ್ದೆ ಕೈತಪ್ಪಿದರೆ ಮಲೆನಾಡಿನಲ್ಲಿ ಬೇರೆ ಕೂಲಿ ಎಲ್ಲಿದೆ? 1951ರ ಏಪ್ರಿಲ್ 18ರಂದು ರೈತರು ನೇಗಿಲು ಹೊತ್ತು, ಎತ್ತು ಹೊಡೆದುಕೊಂಡು, ತಾವು ಉಳುತ್ತಿದ್ದ ಗದ್ದೆಗಳಿಗೇ ಇಳಿದರು. ಭಾರತ ಗಣರಾಜ್ಯವಾಗಿ ಆಗ ಹದಿನೈದು ತಿಂಗಳೂ ತುಂಬಿರಲಿಲ್ಲ. ಕಳವು ಮಾಡಲು ಹೋದವರಲ್ಲ, ಕೊಯ್ಲು ಕದಿಯಲು ಹೋದವರಲ್ಲ, ಉಳಲು ಹೋದವರು. ಪೊಲೀಸರು ಬಂದು ಹಿಡಿದರು. ಮರುದಿನ ಇನ್ನೊಂದು ತಂಡ ಇಳಿಯಿತು. ಅವರನ್ನೂ ಹಿಡಿದರು. ಹೀಗೆ ತಂಡದ ಮೇಲೆ ತಂಡ, ನೂರಾರು ಜನ ಸೆರೆಮನೆ ಸೇರಿದರು. ಗಂಡಸರು ಸೆರೆಮನೆಗೆ ಹೋದ ಮೇಲೆ ಹೆಂಗಸರು ಮನೆಯಲ್ಲಿ ಕುಳಿತಿರಲಿಲ್ಲ, ಅವರೂ ಗದ್ದೆಗೆ ಬಂದರು. ಕಾಯಕವೇ ಅಪರಾಧವಾದ ಸಂದರ್ಭ ಇದು. ಕಾಯಕವನ್ನು ಕುರಿತು ನಾವು ಸಾವಿರ ಪ್ರವಚನ ಮಾಡಿರಬಹುದು. ಉಳುವುದಕ್ಕಾಗಿ ಬೇಡಿ ಹಾಕಿಸಿಕೊಂಡವರಿಗೆ ಆ ಮಾತಿನ ಅರ್ಥ ನಮಗಿಂತ ಚೆನ್ನಾಗಿ ಗೊತ್ತಿತ್ತು.

ಸಮಾಜವಾದಿ ಪಕ್ಷ ಅವರ ಬೆನ್ನಿಗೆ ನಿಂತಿತು. ತೀರ್ಥಹಳ್ಳಿ ತಾಲ್ಲೂಕಿನ ಶಾಂತವೇರಿಯ ಗೋಪಾಲಗೌಡರು ಮುಂದಾಳಾದರು. ಅವರಿಗೆ ಆಗ ಇಪ್ಪತ್ತೆಂಟು ವರ್ಷ. ಬಡತನವನ್ನು ಮನೆಯಲ್ಲಿಯೇ ಕಂಡವರು. ಜೂನ್ ತಿಂಗಳಲ್ಲಿ ಡಾ. ರಾಮಮನೋಹರ ಲೋಹಿಯಾ ಅವರು ಸಾಗರಕ್ಕೆ ಬಂದು ಸತ್ಯಾಗ್ರಹಕ್ಕೆ ಸೇರಿದರು, ಅವರನ್ನೂ ಬಂಧಿಸಲಾಯಿತು. ಅಲ್ಲಿಯವರೆಗೆ ಸಾಗರದಾಚೆಗೆ ಯಾರೂ ಕೇಳದ ಹಳ್ಳಿಯ ಹೆಸರು ದೇಶದ ಪತ್ರಿಕೆಗಳಲ್ಲಿ ಬಂದಿತು. ಮೈಸೂರಿನಲ್ಲಿ ಆಗ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ. ಸ್ವಾತಂತ್ರ್ಯಕ್ಕಾಗಿ ತಾವೇ ಸತ್ಯಾಗ್ರಹ ಮಾಡಿ ಸೆರೆಮನೆ ಕಂಡವರ ಸರಕಾರ. ಆ ಸರಕಾರವೇ ಸತ್ಯಾಗ್ರಹಿಗಳನ್ನು ಸೆರೆಮನೆಗೆ ಕಳುಹಿಸಿತು. ಇಷ್ಟು ಬೇಗ ಮರೆಯುವುದು ಮನುಷ್ಯನಿಗೆ ಹೇಗೆ ಸಾಧ್ಯವಾಗುತ್ತದೋ!

ಮಳೆಗಾಲ ಹಿಡಿಯಿತು. ಸೆರೆಮನೆಯಲ್ಲಿದ್ದವರ ಮನೆಗಳಲ್ಲಿ ಹಸಿವು. ಕೆಲವು ತಿಂಗಳಲ್ಲಿ ಸತ್ಯಾಗ್ರಹ ತಣ್ಣಗಾಯಿತು. ಗೆದ್ದರೇ? ಆ ವರ್ಷ ಗೆಲ್ಲಲಿಲ್ಲ. ಜಮೀನು ಒಡೆಯರ ಹೆಸರಿನಲ್ಲಿಯೇ ಉಳಿಯಿತು. ಚಳವಳಿಗಳ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿ ಸ್ವರ ಏರಿಸಿ ಜಯಘೋಷ ಮಾಡುತ್ತಾರೆ. ನಾವು ಹಾಗೆ ಮಾಡುವುದಿಲ್ಲ. ಸೋತ ಮೇಲೂ ಆ ಜನ ಅದೇ ಊರಿನಲ್ಲಿ, ಅದೇ ಒಡೆಯರ ಮುಖ ನೋಡುತ್ತ ಬದುಕಬೇಕಾಗಿತ್ತು. ಆ ದಿನಗಳು ಸತ್ಯಾಗ್ರಹದ ದಿನಗಳಿಗಿಂತ ಕಷ್ಟವಾಗಿದ್ದಿರಬೇಕು.

ಆದರೆ ಮರುವರ್ಷವೇ ಒಂದು ವಿಚಿತ್ರ ನಡೆಯಿತು. 1952ರಲ್ಲಿ ವಯಸ್ಕರೆಲ್ಲರಿಗೂ ಓಟು ಬಂದ ಮೊದಲನೆಯ ಚುನಾವಣೆ. ಶಿವಮೊಗ್ಗದಿಂದ ಲೋಕಸಭೆಗೆ ಆರಿಸಿ ಬಂದವರು ಕೆ. ಜಿ. ಒಡೆಯರು. ಸಾಗರ–ಹೊಸನಗರದಿಂದ ಮೈಸೂರು ವಿಧಾನಸಭೆಗೆ ಆರಿಸಿ ಬಂದವರು ಶಾಂತವೇರಿ ಗೋಪಾಲಗೌಡರು. ಕೈಯಲ್ಲಿ ಕಾಸಿಲ್ಲದ ಗೌಡರು ಜನರ ಹತ್ತಿರ ಓಟಿನ ಜೊತೆಗೆ ಒಂದು ರೂಪಾಯಿಯನ್ನೂ ಕೇಳಿ ಚುನಾವಣೆ ನಡೆಸಿದರೆಂದು ಹೇಳುತ್ತಾರೆ. ಕೊಳಗ ಇದ್ದ ಮನೆಯವರೂ ಹೋದರು, ಕೊಳಗದ ವಿರುದ್ಧ ನಿಂತವರೂ ಹೋದರು. ಅದೇ ವರ್ಷ ಮೈಸೂರಿನಲ್ಲಿ ಗೇಣಿ ಕಾಯಿದೆಯೂ ಬಂದಿತು. ಕಾಗದದ ಮೇಲೆ ಒಳ್ಳೆಯ ಕಾಯಿದೆ. ಹಳ್ಳಿಯಲ್ಲಿ ಅದನ್ನು ಓದಿ ಹೇಳುವವರು ಇರಲಿಲ್ಲ.

ಮುಂದಿನದನ್ನು ಚುಟುಕಾಗಿ ಹೇಳುತ್ತೇವೆ. 1956ರಲ್ಲಿ ಏಕೀಕರಣವಾದ ಮೇಲೆ ಬೇರೆ ಬೇರೆ ಪ್ರಾಂತಗಳ ಗೇಣಿ ಕಾನೂನುಗಳನ್ನು ಒಂದು ಮಾಡಬೇಕಾಯಿತು. ಅದಕ್ಕೆ ನೇಮಿಸಿದ ಸಮಿತಿಯ ಅಧ್ಯಕ್ಷರು ಬಿ. ಡಿ. ಜತ್ತಿಯವರು. 1961ರಲ್ಲಿ ಭೂಸುಧಾರಣಾ ಕಾಯಿದೆ ಆಯಿತು. ಅದು ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಮಹಾತ್ಮರ ಜನ್ಮದಿನವನ್ನು ನೋಡಿ ಇಟ್ಟ ಮುಹೂರ್ತ. ಆದರೆ ನಡುವಿನ ನಾಲ್ಕು ವರ್ಷದಲ್ಲಿ ಎಷ್ಟು ಒಕ್ಕಲುಗಳನ್ನು ‘ಸ್ವಸಂತೋಷದಿಂದ’ ಗದ್ದೆ ಬಿಡಿಸಲಾಯಿತು ಎಂಬುದನ್ನು ಯಾವ ಪಂಚಾಂಗವೂ ಹೇಳುವುದಿಲ್ಲ. ಆ ಕಾಯಿದೆಯಲ್ಲಿ ಕಿಂಡಿಗಳು ಬಹಳ.

ಕಿಂಡಿಗಳನ್ನು ಮುಚ್ಚಿದ್ದು ದೇವರಾಜ ಅರಸರ ಕಾಲದ ತಿದ್ದುಪಡಿ. 1974ರ ಮಾರ್ಚ್ 1ರಿಂದ ಗೇಣಿಯ ಭೂಮಿಯೆಲ್ಲ ಸರಕಾರದಲ್ಲಿ ವಿಹಿತವಾಗಿ, ಉಳುವವನು ಅದಕ್ಕೆ ಹಕ್ಕುದಾರನಾದನು. ತಾಲ್ಲೂಕು ತಾಲ್ಲೂಕಿಗೆ ಭೂ ನ್ಯಾಯಮಂಡಳಿಗಳು. ಅಸಿಸ್ಟೆಂಟ್ ಕಮೀಷನರು ಅಧ್ಯಕ್ಷರು, ಜೊತೆಗೆ ಸ್ಥಳೀಯ ಸದಸ್ಯರು. ವಕೀಲರಿಗೆ ಅಲ್ಲಿ ಪ್ರವೇಶವಿಲ್ಲ. ಇದು ಬಹಳ ವಿವೇಕದ ಏರ್ಪಾಡು. ವಕೀಲರಿರುವ ಕಡೆ ಬಡವನ ಬಾಯಿ ಕಟ್ಟಿಹೋಗುತ್ತದೆ. ಒಕ್ಕಲು ಏಳನೆಯ ನಮೂನೆಯ ಅರ್ಜಿ ತುಂಬಿ ಕೊಡಬೇಕು. ಮಂಡಳಿಯ ಮುಂದೆ ನಿಂತು ತನ್ನ ಭಾಷೆಯಲ್ಲಿ ತಾನೇ ಹೇಳಿಕೊಳ್ಳಬೇಕು. ಅರ್ಜಿಯ ಗಡುವನ್ನು ಹಲವು ಸಲ ಮುಂದೂಡಿ ಕೊನೆಗೆ 1979ರ ಜೂನ್ 30ಕ್ಕೆ ನಿಲ್ಲಿಸಿದರು. ನಾಡಿನಲ್ಲೆಲ್ಲ ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ರಶೀದಿ ಇಲ್ಲದವರು ಏನು ಮಾಡಿದರು? ನೆರೆಹೊರೆಯವರ ಸಾಕ್ಷಿ ಕೊಡಿಸಿದರು. 1951ರಲ್ಲಿ ಕೇಳಿದ ಆ ಚೀಟಿ ಕೈಯಲ್ಲಿದ್ದಿದ್ದರೆ ಎಷ್ಟು ಮನೆಗಳ ಅಲೆದಾಟ ತಪ್ಪುತ್ತಿತ್ತು! ಗೋಪಾಲಗೌಡರು ಇದನ್ನು ಕಾಣಲಿಲ್ಲ. 1972ರ ಜೂನ್ 9ರಂದು ಅವರು ತೀರಿಕೊಂಡಿದ್ದರು.

ಈ ಕಾಯಿದೆ ನಮ್ಮ ಹೊಸ್ತಿಲನ್ನೂ ತುಳಿಯಿತು ಎಂಬುದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಗುಡಿಗಳ, ಮಠಗಳ ಗೇಣಿಯ ಭೂಮಿಗೂ ಅದು ಅನ್ವಯಿಸಿತು. ವರ್ಷಕ್ಕಿಷ್ಟು ತಸದೀಕು ಎಂದು ಗೊತ್ತುಮಾಡಿ ಭೂಮಿಯನ್ನು ಉಳುವವರಿಗೆ ಕೊಟ್ಟರು. ನಾಡಿನ ಅನೇಕ ಮಠಗಳಿಗೆ ಪೆಟ್ಟು ಬಿದ್ದಿತು. ಪ್ರಸಾದ ನಿಲಯಗಳು ನಡೆಯುವುದು ಹೇಗೆ, ಬಡವರ ಮಕ್ಕಳಿಗೆ ಊಟ ಹಾಕುವುದು ಹೇಗೆ ಎಂದು ಚಿಂತೆಯಾಯಿತು. ಧರ್ಮಕ್ಕೆ ಕೈಹಾಕಿದರು ಎಂದು ಕೂಗಿದವರೂ ಉಂಟು. ಚಿಂತೆ ನಿಜವಾದದ್ದು, ಅದನ್ನು ನಾವು ಹಗುರ ಮಾಡುವುದಿಲ್ಲ. ಆದರೆ ಯಾವ ಕೊಳಗದಲ್ಲಿ ಅಳೆದ ಭತ್ತದಿಂದ ಆ ದಾಸೋಹ ನಡೆಯುತ್ತಿತ್ತು ಎಂದು ಆಗ ಕೇಳಿದವರು ಕಡಿಮೆ. ಒಬ್ಬ ಬಡವನ ಮಕ್ಕಳ ಪಾಲನ್ನು ತಂದು ಇನ್ನೊಬ್ಬ ಬಡವನ ಮಕ್ಕಳಿಗೆ ಉಣಬಡಿಸಿದರೆ ದಾಸೋಹವಾಗುತ್ತದೆಯೇ? ಭೂಮಿ ಹೋದ ಮೇಲೆ ಮಠಗಳು ಭಕ್ತರ ಮನೆಬಾಗಿಲಿಗೆ ಜೋಳಿಗೆ ಹಿಡಿದು ಹೋಗಬೇಕಾಯಿತು. ಹಾಗೆ ಹೋದದ್ದರಿಂದ ಮಠಗಳು ಕೆಡಲಿಲ್ಲ ಎಂಬುದೇ ನಮ್ಮ ಅಭಿಪ್ರಾಯ. ಜೋಳಿಗೆಗೆ ಬೀಳುವ ಹಿಡಿಯನ್ನು ಕೊಡುವವನು ತಾನೇ ಅಳೆದು ಹಾಕುತ್ತಾನೆ.

ಸಣ್ಣ ಹಿಡುವಳಿಯವರ ಸಂಕಟ ಬೇರೆ ತೆರನದು. ಎರಡೆಕರೆ ಗದ್ದೆಯನ್ನು ಗೇಣಿಗೆ ಕೊಟ್ಟು ಅದರಿಂದಲೇ ಜೀವನ ಸಾಗಿಸುತ್ತಿದ್ದ ವಿಧವೆಯರು, ಊರು ಬಿಟ್ಟು ಸಣ್ಣ ನೌಕರಿಯಲ್ಲಿದ್ದವರು ಇದರಲ್ಲಿ ಸಿಕ್ಕಿ ನಲುಗಿದರು. ದೊಡ್ಡವರನ್ನು ಹಿಡಿಯಲು ಬೀಸಿದ ಬಲೆಯಲ್ಲಿ ಇವರೂ ಸಿಕ್ಕಿಬಿದ್ದರು. ದೊಡ್ಡವರಲ್ಲಿ ಕೆಲವರು ಹೆಸರು ಹಂಚಿ ಪಾರಾದರು. ಇನ್ನೊಂದು ಕಡೆ ಗೇಣಿಯೂ ಇಲ್ಲದೆ ಬರಿಯ ಕೂಲಿ ಮಾಡುತ್ತಿದ್ದವರಿಗೆ ಏಳನೆಯ ನಮೂನೆಯಲ್ಲಿ ಜಾಗವೇ ಇರಲಿಲ್ಲ. ಒಕ್ಕಲಿನ ಗದ್ದೆಯಲ್ಲಿ ನಾಟಿ ಮಾಡಿದ ಕೂಲಿಯ ಹೆಂಗಸು ಮೊದಲು ಒಡೆಯರ ಕೂಲಿ, ಆಮೇಲೆ ಒಕ್ಕಲಿನ ಕೂಲಿ.

ಕಾಗೋಡಿನ ಹೆಸರನ್ನೇ ಹೊತ್ತ ತಿಮ್ಮಪ್ಪನವರು, ಅದೇ ದೀವರ ಸಮಾಜದವರು, ಮುಂದೆ ವಿಧಾನಸಭೆಯ ಅಧ್ಯಕ್ಷರ ಪೀಠದಲ್ಲಿ ಕುಳಿತರು. 2016ರಿಂದ 2018ರವರೆಗೆ ಕಂದಾಯ ಮಂತ್ರಿಗಳಾದರು. ಅಪ್ಪಣೆಯಿಲ್ಲದೆ ಸಮನಾಗಿ ಕೂರುವಂತಿಲ್ಲದ ಊರಿನಿಂದ ಬಂದವರಿಗೆ ನಾಡಿನ ಭೂಮಿಯ ಖಾತೆಯೇ ಸಿಕ್ಕಿತು. 2020ರಲ್ಲಿ ಭೂಸುಧಾರಣಾ ಕಾಯಿದೆಗೆ ಮತ್ತೊಂದು ತಿದ್ದುಪಡಿ ಬಂದು, ಬೇಸಾಯಗಾರರಲ್ಲದವರೂ ಕೃಷಿಭೂಮಿ ಕೊಳ್ಳಬಹುದು ಎಂದಾಯಿತು. ಇದರಿಂದ ಒಳ್ಳೆಯದಾಗುತ್ತದೆ ಎನ್ನುವವರೂ ಇದ್ದಾರೆ, ಕೆಟ್ಟದಾಗುತ್ತದೆ ಎನ್ನುವವರೂ ಇದ್ದಾರೆ. ಭೂಮಿ ಮಾರಿದ ಹಣ ರೈತನ ಮನೆಯಲ್ಲಿ ಎಷ್ಟು ಕಾಲ ನಿಲ್ಲುತ್ತದೆ ಎಂಬುದನ್ನು ನೀವು ನಿಮ್ಮ ನಿಮ್ಮ ಊರುಗಳಲ್ಲಿಯೇ ನೋಡುತ್ತಿದ್ದೀರಿ, ನಾವು ಹೇಳುವುದೇನಿದೆ.

ಸಾಗರದ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಹಿಡಿದು ನಿಂತವರ ಸಾಲು ಇನ್ನೂ ಮುಗಿದಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿಯ ನೀರು ಆ ತಾಲ್ಲೂಕಿನ ಹಳ್ಳಿಗಳನ್ನು ನುಂಗಿತು. ಮನೆಮಠ ಬಿಟ್ಟು ಕಾಡಿನಂಚಿಗೆ ಹೋಗಿ ನೆಲೆಸಿದವರು ಅಂದು ಉಳಲಾರಂಭಿಸಿದ ನೆಲಕ್ಕೆ ಹಕ್ಕುಪತ್ರವನ್ನು ಇಂದಿಗೂ ಕೇಳುತ್ತಿದ್ದಾರೆ. ಬಗರ್‌ಹುಕುಂ ಸಾಗುವಳಿದಾರರು ಐವತ್ತನೆಯ ನಮೂನೆ ತುಂಬಿದರು, ಅನಂತರ ಐವತ್ತಮೂರನೆಯದನ್ನು ತುಂಬಿದರು, 2018ರಿಂದ ಈಚೆಗೆ ಐವತ್ತೇಳನೆಯದನ್ನೂ ತುಂಬಿದ್ದಾರೆ. ಅಪ್ಪ ಕೊಟ್ಟ ಅರ್ಜಿಯ ಹಿಂಬರಹವನ್ನು ಮಗ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟುಕೊಂಡಿದ್ದಾನೆ. ಅವರು ಕೇಳುತ್ತಿರುವುದೂ ಅದೇ: ಉಳುವ ನೆಲಕ್ಕೆ ಒಂದು ಕಾಗದ.